ಓದುಗರ ಪ್ರಶ್ನೆ: ನವೆಂಬರ್ 1, ಒಂದೇ ತಾರೀಖು, ಹತ್ತಾರು ಲೆಕ್ಕ

ರಾಜ್ಯೋತ್ಸವ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಅಂಚೆ ದಪ್ಪಗಾಗುತ್ತದೆ. ಶಾಲೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಫಲಕ ಬರೆಯುವವರು, ಕ್ವಿಜ್ ನಡೆಸುವವರು, ಬ್ಯಾನರ್ ಮಾಡಿಸುವವರು, ಅವತ್ತೇ ಹುಟ್ಟಿದವರು, ಈ ಸಲ ಎಲ್ಲರೂ ನವೆಂಬರ್ 1ನ್ನೇ ಹಿಡಿದು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಸಂಘದ ಬ್ಯಾನರಿನಲ್ಲಿ 2025ಕ್ಕೆ ‘70ನೇ ರಾಜ್ಯೋತ್ಸವ’ ಎಂದು ಹಾಕಿಸಿದ್ದೆವು. ಒಬ್ಬ ಹಿರಿಯರು ‘ಇನ್ನೂ 69 ವರ್ಷ ಕಣ್ರಯ್ಯ’ ಎಂದು ಎಲ್ಲರ ಎದುರಿಗೇ ಗದರಿದರು. ಯಾರದು ಸರಿ? (ದಾವಣಗೆರೆ)

ಇಬ್ಬರದೂ ಸರಿ, ಎಣಿಸಿದ್ದು ಮಾತ್ರ ಬೇರೆ ಬೇರೆ. 1956ರ ನವೆಂಬರ್ 1ನ್ನೇ ಮೊದಲನೆಯ ಉತ್ಸವ ಎಂದು ಹಿಡಿದರೆ 2025ರದು 70ನೆಯದು. ರಾಜ್ಯಕ್ಕೆ ತುಂಬಿದ ವಯಸ್ಸು ಕೇಳಿದರೆ 69. ಎಷ್ಟನೇ ರಾಜ್ಯೋತ್ಸವ ಎಂದು ತಿಳಿಯಲು ಇಸವಿಯಿಂದ 1955 ಕಳೆಯಿರಿ, ಎಷ್ಟು ವರ್ಷ ತುಂಬಿತು ಎಂದು ತಿಳಿಯಲು 1956 ಕಳೆಯಿರಿ. ಸರ್ಕಾರಿ ಆಹ್ವಾನಪತ್ರಿಕೆಯಲ್ಲಿ ಬರುವುದು ಮೊದಲನೆಯ ಲೆಕ್ಕ. ಎಡವಟ್ಟಾಗುವುದು ‘70 ವರ್ಷದ ಸಂಭ್ರಮ’ ಎಂದು ಎರಡನ್ನೂ ಬೆರೆಸಿ ಬರೆದಾಗ. ‘70ನೇ ರಾಜ್ಯೋತ್ಸವ’ ಎಂದರೆ ಸರಿ, ‘70 ವರ್ಷ ತುಂಬಿತು’ ಎಂದರೆ ತಪ್ಪು.

ಮೂರನೆಯ ಲೆಕ್ಕವೂ ಒಂದಿದೆ. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆದ್ದರಿಂದಲೇ 2023ರಲ್ಲಿ ಹೆಸರಿನ ಸುವರ್ಣ ಮಹೋತ್ಸವ ನಡೆಯಿತು. ಐವತ್ತರ ಲೋಗೋವನ್ನೂ ಎಪ್ಪತ್ತರ ಅಂಕಿಯನ್ನೂ ಒಂದೇ ಬ್ಯಾನರಿಗೆ ಅಂಟಿಸಿದರೆ ನೋಡುವವರಿಗೆ ಗೊಂದಲ. ಯಾವುದಾದರೂ ಒಂದನ್ನು ಹಾಕಿ.

ಪ್ರಶ್ನೆ: ಕೇರಳ, ಮಧ್ಯಪ್ರದೇಶ, ಹರಿಯಾಣ, ಛತ್ತೀಸಗಢ, ಪುದುಚೇರಿ ಎಲ್ಲವೂ ನವೆಂಬರ್ 1ನ್ನೇ ಆಚರಿಸುತ್ತವೆ. ಇಷ್ಟೊಂದು ಕಾಕತಾಳೀಯ ಹೇಗೆ ಸಾಧ್ಯ? ಮಕ್ಕಳು ಕೇಳುತ್ತಾರೆ. (ಶಿಕ್ಷಕಿ, ತುಮಕೂರು)

ಇದರಲ್ಲಿ ಹೆಚ್ಚಿನದು ಕಾಕತಾಳೀಯವೇ ಅಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಆರಂಭದಲ್ಲೇ ‘ಗೊತ್ತುಪಡಿಸಿದ ದಿನ’ ಎಂದರೆ 1956ರ ನವೆಂಬರ್ 1 ಎಂದು ಬರೆದಿದೆ. ರಾಜ್ಯಗಳನ್ನು ರೂಪಿಸುವ ಮುಂದಿನ ಕಲಮುಗಳು ‘ಗೊತ್ತುಪಡಿಸಿದ ದಿನದಿಂದ’ ಎಂದೇ ಶುರುವಾಗುತ್ತವೆ. ಹಾಗಾಗಿ ವಿಶಾಲ ಮೈಸೂರು, ಕೇರಳ, ತೆಲಂಗಾಣ ಸೇರಿದ ಆಂಧ್ರಪ್ರದೇಶ, ಮಧ್ಯಪ್ರದೇಶ ಎಲ್ಲವೂ ಒಂದೇ ದಿನ ಹುಟ್ಟಿದವು. ಸಂವಿಧಾನದ ಏಳನೇ ತಿದ್ದುಪಡಿಯೂ ಅಂದೇ ಜಾರಿಗೆ ಬಂತು. ಎ, ಬಿ, ಸಿ ಭಾಗಗಳ ರಾಜ್ಯಗಳೆಂಬ ಭೇದ ಹೋಗಿ 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶಗಳಾದವು. ದೆಹಲಿ ಕೇಂದ್ರಾಡಳಿತ ಪ್ರದೇಶವಾದದ್ದೂ ಅಂದೇ. ಇವು ಒಂದೇ ಕಾಗದದಲ್ಲಿ ಹುಟ್ಟಿದ ಮಕ್ಕಳು, ಜನ್ಮದಿನ ಒಂದೇ ಆಗಿರುವುದರಲ್ಲಿ ಅಚ್ಚರಿಯಿಲ್ಲ.

ಹರಿಯಾಣ 1966ರ ಪಂಜಾಬ್ ಪುನರ್ವಿಂಗಡಣಾ ಕಾಯ್ದೆಯ ಪ್ರಕಾರ 1966ರ ನವೆಂಬರ್ 1ರಂದು ಬೇರೆಯಾಯಿತು. ಚಂಡೀಗಢ ಕೇಂದ್ರಾಡಳಿತ ಪ್ರದೇಶವಾದದ್ದೂ ಅದೇ ದಿನ. ಛತ್ತೀಸಗಢ 2000ದ ನವೆಂಬರ್ 1ರಂದು. ಕಾಯ್ದೆ ಬೇರೆ, ವರ್ಷ ಬೇರೆ, ಆದರೆ ಇಲ್ಲೂ ದಿನವನ್ನು ಆಡಳಿತವೇ ಗೊತ್ತುಮಾಡಿದ್ದು.

ಪುದುಚೇರಿಯದು ಸ್ವಲ್ಪ ತೊಡಕು. ಫ್ರೆಂಚರ ಕೈಯಲ್ಲಿದ್ದ ಈ ಪ್ರದೇಶ ಭಾರತ ಸೇರಬೇಕೆಂದು 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ ಜನಪ್ರತಿನಿಧಿಗಳು ಮತ ಹಾಕಿದರು. ನವೆಂಬರ್ 1ರಂದು ಆಡಳಿತ ಭಾರತದ ಕೈಗೆ ಬಂತು. ಫ್ರಾನ್ಸಿನ ಕಾನೂನುಬದ್ಧ ಹಸ್ತಾಂತರ ಮುಗಿದದ್ದು 1962ರ ಆಗಸ್ಟ್ 16ರಂದು. ಒಂದೇ ಊರಿಗೆ ಮೂರು ತಾರೀಖು. ಫಲಕದಲ್ಲಿ ‘ಪುದುಚೇರಿ ಸ್ವತಂತ್ರ’ ಎಂದಷ್ಟೇ ಬರೆದರೆ ಯಾವ ಮಗುವಾದರೂ ಇನ್ನೊಂದು ಪುಸ್ತಕ ತೆರೆದು ‘ಟೀಚರ್, ಇಲ್ಲಿ ಬೇರೆ ಇದೆ’ ಎನ್ನುತ್ತದೆ. ‘ಆಡಳಿತ ಹಸ್ತಾಂತರ’ ಎಂದು ಬರೆದರೆ ತಕರಾರಿಲ್ಲ.

ದಿನವನ್ನು ಬೇಕೆಂದೇ ಒಬ್ಬರ ಹುಟ್ಟುಹಬ್ಬಕ್ಕೆ ಹೊಂದಿಸಿದ ಉದಾಹರಣೆಯೂ ಅದೇ ತಿಂಗಳಲ್ಲಿದೆ. ಜಾರ್ಖಂಡ್ 2000ದ ನವೆಂಬರ್ 15ರಂದು ಹುಟ್ಟಿತು, ಅದು ಬಿರ್ಸಾ ಮುಂಡಾ ಅವರ ಜನ್ಮದಿನ. ಇದಕ್ಕೆ ಎದುರಾಗಿ ಸಂಗೊಳ್ಳಿ ರಾಯಣ್ಣನನ್ನು ನೋಡಿ. ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಗಣರಾಜ್ಯೋತ್ಸವಕ್ಕೆ ಜನವರಿ 26 ಆರಿಸಿದ್ದು ಮಾತ್ರ 1930ರ ಪೂರ್ಣ ಸ್ವರಾಜ್ಯ ದಿನದ ನೆನಪಿಗೆ. ಎರಡು ಘಟನೆ ಒಂದೇ ದಿನ ಬಿದ್ದರೆ ಮೊದಲು ಕೇಳಬೇಕಾದ್ದು ಇದು: ಯಾರಾದರೂ ಹೊಂದಿಸಿದರೋ, ತಾನಾಗಿ ಹೊಂದಿತೋ?

ಪ್ರಶ್ನೆ: ಎಲ್ಲರೂ ಸೇರಿದ ದಿನ ಎಂದು ಹಾಡುತ್ತೀರಿ. ನಮ್ಮ ತಾಲ್ಲೂಕು ಅದೇ ದಿನ ಹೊರಗೆ ಹೋಯಿತು. ಫಲಕದಲ್ಲಿ ಅದನ್ನೂ ಬರೆಯಬೇಕಲ್ಲವೇ? (ಕಾಸರಗೋಡು)

ಖಂಡಿತ ಬರೆಯಬೇಕು. ‘ಕನ್ನಡ ನಾಡು ಒಂದಾಯಿತು’ ಎಂಬ ಒಂದು ಸಾಲಿನಲ್ಲಿ ಮುಗಿಸುವುದರಿಂದಲೇ ಎಷ್ಟೋ ತಪ್ಪು ಮಾಹಿತಿ ಹರಡಿದೆ. ಅಂದು ಸೇರಿದ್ದು ಮತ್ತು ಬಿಟ್ಟದ್ದು ಹೀಗಿದೆ.

ಮುಂಬೈ ರಾಜ್ಯದಿಂದ ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಇಡಿಯಾಗಿ, ಬೆಳಗಾವಿ ಜಿಲ್ಲೆ ಚಂದಗಡ ತಾಲ್ಲೂಕನ್ನು ಬಿಟ್ಟು. ಹೈದರಾಬಾದ್ ರಾಜ್ಯದಿಂದ ಗುಲ್ಬರ್ಗ (ಕೊಡಂಗಲ್, ತಾಂಡೂರು ಬಿಟ್ಟು), ರಾಯಚೂರು (ಆಲಂಪುರ, ಗದ್ವಾಲ ಬಿಟ್ಟು), ಬೀದರ್ ಜಿಲ್ಲೆಯ ಒಂದು ಭಾಗ. ಮದ್ರಾಸ್ ರಾಜ್ಯದಿಂದ ದಕ್ಷಿಣ ಕನ್ನಡ (ಕಾಸರಗೋಡು ತಾಲ್ಲೂಕು ಮತ್ತು ಅಮೀನ್‌ದಿವಿ ದ್ವೀಪಗಳನ್ನು ಬಿಟ್ಟು). ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ತಾಲ್ಲೂಕು. ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಪೂರ್ತಿ. ಹಳೆ ಮೈಸೂರಿನ 9 ಜಿಲ್ಲೆಗಳು, ಬಳ್ಳಾರಿ ಸೇರಿಸಿದರೆ ಒಟ್ಟು 19 ಜಿಲ್ಲೆ.

ಬಳ್ಳಾರಿಯ ವಿಷಯದಲ್ಲಿ ಅರ್ಧಕ್ಕರ್ಧ ಪಟ್ಟಿಗಳು ಎಡವುತ್ತವೆ. ಅದು 1956ರಲ್ಲಿ ಸೇರಿದ್ದಲ್ಲ. ಆಂಧ್ರ ರಾಜ್ಯ ಹುಟ್ಟಿದ ದಿನ, 1953ರ ಅಕ್ಟೋಬರ್ 1ರಂದೇ, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಕಳೆದುಕೊಂಡು ಮೈಸೂರಿಗೆ ಬಂದಿತ್ತು. 1956ರಲ್ಲಿ ಹೊಸದಾಗಿ ಸೇರಿದ ಜಿಲ್ಲೆಗಳ ಪಟ್ಟಿಗೆ ಬಳ್ಳಾರಿಯನ್ನು ಸೇರಿಸಬೇಡಿ.

ನಿಮ್ಮ ಕಾಸರಗೋಡು ತಾಲ್ಲೂಕು ಆ ದಿನ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು.

ಅಮೀನ್‌ದಿವಿ ದ್ವೀಪಗಳನ್ನು ಹೆಚ್ಚಿನವರು ಮರೆತೇಬಿಟ್ಟಿದ್ದಾರೆ. ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ, ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಈ ದ್ವೀಪಗಳು 1956ರ ನವೆಂಬರ್ 1ರಂದು ಲಕ್ಕದಿವಿ, ಮಿನಿಕಾಯ್ ಜೊತೆ ಸೇರಿ ಹೊಸ ಕೇಂದ್ರಾಡಳಿತ ಪ್ರದೇಶವಾದವು. ಹದಿನೇಳು ವರ್ಷದ ಮೇಲೆ, 1973ರ ನವೆಂಬರ್ 1ರಂದು, ಆ ಪ್ರದೇಶಕ್ಕೆ ‘ಲಕ್ಷದ್ವೀಪ’ ಎಂಬ ಹೆಸರು ಬಂತು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಅದೇ ದಿನ! ಎರಡಕ್ಕೂ ಬೇರೆ ಬೇರೆ ಹೆಸರು ಬದಲಾವಣೆ ಕಾಯ್ದೆ, ಜಾರಿಯ ದಿನ ಒಂದೇ. ಕ್ವಿಜ್ ನಡೆಸುವವರು ಇದನ್ನು ಬರೆದಿಟ್ಟುಕೊಳ್ಳಬಹುದು.

ಪ್ರಶ್ನೆ: ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ದಿನವೇ ಐಶ್ವರ್ಯಾ ರೈ ಹುಟ್ಟಿದ್ದಂತೆ, ನಿಜವೇ? (ಮಂಗಳೂರು)

ನಿಜ. 1973ರ ನವೆಂಬರ್ 1, ಗುರುವಾರ, ಮಂಗಳೂರಿನಲ್ಲಿ. ತಾರೀಖು ಮಾತ್ರವಲ್ಲ, ವರ್ಷವೂ ಅದೇ. ಇದನ್ನು ಯಾರೂ ಹೊಂದಿಸಲಿಲ್ಲ. ಕ್ರಿಕೆಟಿಗ ವಿ.ವಿ.ಎಸ್. ಲಕ್ಷ್ಮಣ್ ಹುಟ್ಟಿದ್ದು ಮರುವರ್ಷ ಇದೇ ದಿನ, ಹೈದರಾಬಾದಿನಲ್ಲಿ.

ಪ್ರಶ್ನೆ: ಶಾಲೆಯ ಫಲಕಕ್ಕೆ ಕರ್ನಾಟಕ ಬಿಟ್ಟು ಲೋಕದ ಘಟನೆಗಳೂ ಬೇಕು. ಅಂತರ್ಜಾಲದಲ್ಲಿ ನೂರಾರು ಸಿಗುತ್ತವೆ, ಆರಿಸುವುದು ಹೇಗೆ? (ಪ್ರೌಢಶಾಲೆ, ಶಿರಸಿ)

ಏಳೆಂಟು ಸಾಲು ಸಾಕು. ಅದಕ್ಕಿಂತ ಹೆಚ್ಚಾದರೆ ಬೆಳಗಿನ ಪ್ರಾರ್ಥನೆ ಮುಗಿಸಿ ತರಗತಿಗೆ ಹೋಗುವ ಮಗು ಓದುವುದಿಲ್ಲ. ಮೂರು ಮೀಟರ್ ದೂರದಿಂದ ಓದಬೇಕಾದರೆ ಅಕ್ಷರದ ಎತ್ತರ 2.5 ಸೆಂ.ಮೀ. ಇರಲಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಕನಿಷ್ಠ ಅಷ್ಟೇ ಜಾಗ ಬಿಡಿ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಬರೆದ ಸಾಲಿನ ಕೆಳಗೆ ಇನ್ನೂ ಸ್ವಲ್ಪ. ಅಕ್ಷರ ಚಿಕ್ಕದು ಮಾಡಿ ಹೆಚ್ಚು ತುರುಕುವುದು ಎಲ್ಲರೂ ಮಾಡುವ ತಪ್ಪು.

ನವೆಂಬರ್ 1ಕ್ಕೆ ನಾವು ಆರಿಸುವುದಾದರೆ ಮೊದಲನೆಯದು 1755ರ ಲಿಸ್ಬನ್ ಭೂಕಂಪ. ಶನಿವಾರ ಬೆಳಿಗ್ಗೆ ಸುಮಾರು 9.40. ಅಂದು ಸಕಲ ಸಂತರ ಹಬ್ಬ, ಇಗರ್ಜಿಗಳು ತುಂಬಿದ್ದವು, ಮೋಂಬತ್ತಿಗಳು ಉರಿಯುತ್ತಿದ್ದವು. ಕಟ್ಟಡ ಕುಸಿದು ಸತ್ತವರು ಒಂದು ಕಡೆ, ಬಿದ್ದ ದೀಪಗಳಿಂದ ಹೊತ್ತಿದ ಬೆಂಕಿ ಇನ್ನೊಂದು ಕಡೆ. ಬಯಲು ಹುಡುಕಿ ನದೀತೀರಕ್ಕೆ ಓಡಿದವರ ಮೇಲೆ ಸುನಾಮಿ ಬಂತು. ಹಬ್ಬದ ದಿನ ಬಿದ್ದದ್ದರಿಂದಲೇ ಸಾವು ಹೆಚ್ಚಿತು. ಇಲ್ಲಿ ತಾರೀಖು ಬರೀ ಅಂಕಿಯಲ್ಲ, ಅನಾಹುತದ ಕಾರಣಗಳಲ್ಲೇ ಒಂದು. ಸತ್ತವರ ಸಂಖ್ಯೆ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ, ಆದ್ದರಿಂದ ಫಲಕದಲ್ಲಿ ‘ಹತ್ತಾರು ಸಾವಿರ’ ಎಂದರೆ ಸಾಕು.

ಇದರ ಕೆಳಗೆ ಆಲ್‌ಫ್ರೆಡ್ ವೆಗೆನರ್ ಹೆಸರು ಬರೆಯಿರಿ. ಖಂಡಗಳು ಚಲಿಸುತ್ತವೆ ಎಂದು ವಾದಿಸಿದ ಈ ಜರ್ಮನ್ ವಿಜ್ಞಾನಿ ಹುಟ್ಟಿದ್ದು 1880ರ ನವೆಂಬರ್ 1ರಂದು, ಬರ್ಲಿನ್ನಿನಲ್ಲಿ. ಭೂಕಂಪಕ್ಕೂ ಅವನ ವಿಚಾರಕ್ಕೂ ಇರುವ ನಂಟನ್ನು ಮೇಷ್ಟರು ಐದು ನಿಮಿಷದಲ್ಲಿ ವಿವರಿಸಬಹುದು. 1930ರಲ್ಲಿ ತನ್ನ ಐವತ್ತನೇ ಹುಟ್ಟುಹಬ್ಬದ ದಿನವೇ ಗ್ರೀನ್‌ಲ್ಯಾಂಡಿನ ನಡುವಿನ ಶಿಬಿರದಿಂದ ಕರಾವಳಿಯತ್ತ ಹೊರಟ. ತಲುಪಲಿಲ್ಲ. ಶವ ಸಿಕ್ಕಿದ್ದು ಮುಂದಿನ ವರ್ಷ ಮೇ ತಿಂಗಳಲ್ಲಿ. ಕೆಲವು ಪಟ್ಟಿಗಳು ‘ಹುಟ್ಟಿದ್ದೂ ಸತ್ತದ್ದೂ ನವೆಂಬರ್ 1’ ಎಂದು ಬರೆಯುತ್ತವೆ. ಅಂದು ಅವನು ಹೊರಟದ್ದು ಮಾತ್ರ ಖಚಿತ.

1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆ ಓದಿದ. ‘ಕಂಪನಿ ಸರ್ಕಾರ ಕೊನೆ’ ಎಂದು ಬರೆಯುವಾಗ ಜಾಗ್ರತೆ: ಅದಕ್ಕೆ ಸಂಬಂಧಿಸಿದ ಕಾಯ್ದೆಗೆ ಒಪ್ಪಿಗೆ ಬಿದ್ದದ್ದು ಆಗಸ್ಟ್ 2ರಂದು. ‘ರಾಣಿಯ ಘೋಷಣೆ’ ಎಂದೇ ಬರೆಯಿರಿ.

1913ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಭಾರತೀಯರ ‘ಗದರ್’ ಪತ್ರಿಕೆಯ ಮೊದಲ ಸಂಚಿಕೆ, ಉರ್ದುವಿನಲ್ಲಿ. 1928ರಲ್ಲಿ ಟರ್ಕಿಯ ಸಂಸತ್ತು ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಆಧಾರಿತ ಹೊಸ ಲಿಪಿಯ ಕಾನೂನು ಮಾಡಿತು. ಭಾಷೆಯ ಹಬ್ಬ ಆಚರಿಸುವ ನಮಗೆ ಇದು ಹೇಳಿಮಾಡಿಸಿದ ಸಾಲು. ಆದರೆ ಕಾನೂನಾದದ್ದು ಅಂದು, ಪತ್ರಿಕೆಗಳು ಹೊಸ ಲಿಪಿಗೆ ಹೊರಳಿದ್ದು ಡಿಸೆಂಬರ್ 1ಕ್ಕೆ, ಕಚೇರಿಗಳು 1929ರ ಜನವರಿ 1ಕ್ಕೆ. 1956ರ ನವೆಂಬರ್ 1ರಂದು ನಾವು ನಾಡು ಕಟ್ಟುತ್ತಿದ್ದಾಗ ಹಂಗೆರಿಯಲ್ಲಿ ಪ್ರಧಾನಿ ಇಮ್ರೆ ನಾಗಿ ಸೋವಿಯತ್ ಬಣದ ಸೇನಾ ಕೂಟವಾದ ವಾರ್ಸಾ ಒಪ್ಪಂದದಿಂದ ಹೊರಬರುವುದಾಗಿ ಘೋಷಿಸುತ್ತಿದ್ದ. ಆ ವಾರದ ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಜಾಗದ ಜಗ್ಗಾಟ ಎಷ್ಟಿತ್ತೋ!

ಎರಡು ಸಾಲುಗಳಲ್ಲಿ ತಾರೀಖೇ ಜಾರುತ್ತದೆ, ಅವನ್ನು ಬೇರೆಯಾಗಿ ಹೇಳಬೇಕು. ಮೈಕೆಲೆಂಜೆಲೊ ಬರೆದ ಸಿಸ್ಟೀನ್ ಪ್ರಾರ್ಥನಾಲಯದ ಚಾವಣಿ ಚಿತ್ರಗಳು 1512ರ ನವೆಂಬರ್ 1ರಂದು ಜನರ ಕಣ್ಣಿಗೆ ಬಿದ್ದವು. ಆಗ ಇದ್ದದ್ದು ಜೂಲಿಯನ್ ಕ್ಯಾಲೆಂಡರ್. ಇಂದಿನ ಗ್ರೆಗೋರಿಯನ್ ಲೆಕ್ಕಕ್ಕೆ ಅದು ನವೆಂಬರ್ 11. ಆದರೆ ಇತಿಹಾಸಕಾರರ ರೂಢಿ ಅಂದಿನವರು ಬರೆದ ತಾರೀಖನ್ನೇ ಉಳಿಸಿಕೊಳ್ಳುವುದು. ಸಕಲ ಸಂತರ ಹಬ್ಬದ ದಿನ ಎಂಬುದು ಹಾಗೆ ಉಳಿಸಿದರೆ ಮಾತ್ರ ಅರ್ಥವಾಗುತ್ತದೆ. ಕ್ಯಾಲೆಂಡರ್ ಬದಲಾದದ್ದು ಇಟಲಿ, ಸ್ಪೇನ್, ಪೋರ್ಚುಗಲ್ಲುಗಳಲ್ಲಿ 1582ರಲ್ಲಿ (ಅಕ್ಟೋಬರ್ 4ರ ಮರುದಿನ 15), ಬ್ರಿಟನ್ನಿನಲ್ಲಿ 1752ರಲ್ಲಿ (ಸೆಪ್ಟೆಂಬರ್ 2ರ ಮರುದಿನ 14). ಈ ಎರಡು ಇಸವಿ ನೆನಪಿದ್ದರೆ ಯಾವ ಸಾಲಿಗೆ ಅನುಮಾನ ಪಡಬೇಕು ಎಂದು ತಿಳಿಯುತ್ತದೆ. 1755ರ ಲಿಸ್ಬನ್ನಿಗೆ ಈ ತೊಂದರೆಯಿಲ್ಲ, ಆಗ ಪೋರ್ಚುಗಲ್ಲೂ ಬ್ರಿಟನ್ನೂ ಹೊಸ ಕ್ಯಾಲೆಂಡರಿಗೆ ಬಂದಾಗಿತ್ತು.

ಇನ್ನೊಂದು, ಮೊದಲ ಹೈಡ್ರೋಜನ್ ಬಾಂಬ್ ಪರೀಕ್ಷೆ. ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ 1952ರ ನವೆಂಬರ್ 1ರ ಬೆಳಿಗ್ಗೆ 7.15ಕ್ಕೆ ಸಿಡಿಯಿತು. ಎಲುಗೆಲಾಬ್ ಎಂಬ ದ್ವೀಪವೇ ಮಾಯವಾಯಿತು. ಗ್ರೀನ್‌ವಿಚ್ ಗಡಿಯಾರದಲ್ಲಿ ಅದು ಅಕ್ಟೋಬರ್ 31ರ ಸಂಜೆ 7.15. ಬಾಂಬ್ ಮಾಡಿಸಿದ ವಾಷಿಂಗ್ಟನ್ನಿನಲ್ಲೂ ಅಕ್ಟೋಬರ್ 31. ಭಾರತದಲ್ಲಿ ನಡುರಾತ್ರಿ ದಾಟಿ 12.45, ಅಂದರೆ ನವೆಂಬರ್ 1. ಎರಡು ತಾರೀಖೂ ಪುಸ್ತಕಗಳಲ್ಲಿ ಕಾಣುವುದು ಇದಕ್ಕೇ. ಘಟನೆ ನಡೆದ ಜಾಗದ ತಾರೀಖನ್ನು ಬರೆಯುವುದು ನಿಯಮ.

ಪ್ರಶ್ನೆ: ಒಂದೊಂದು ಪುಸ್ತಕದಲ್ಲಿ ಒಂದೊಂದು ತಾರೀಖು. ಖಾತ್ರಿ ಮಾಡಿಕೊಳ್ಳುವ ಸುಲಭದ ದಾರಿ ಹೇಳಿ. (ಗ್ರಂಥಪಾಲಕರು, ಗದಗ)

ಪ್ರತಿ ಘಟನೆಗೂ ಒಂದು ಚೀಟಿ ಮಾಡಿ. ಅದರಲ್ಲಿ ತಾರೀಖು, ಜಾಗ, ಯಾವ ಕ್ಯಾಲೆಂಡರ್, ನಿಖರವಾಗಿ ನಡೆದದ್ದೇನು, ಎಲ್ಲಿ ಓದಿದ್ದು ಇಷ್ಟಿರಲಿ. ನಾಲ್ಕನೆಯದೇ ಮುಖ್ಯ. ಕಾನೂನಿನ ವಿಷಯವಾದರೆ ಸದನದ ನಿರ್ಣಯ, ಸಂಸತ್ತಿನ ಅಂಗೀಕಾರ, ರಾಷ್ಟ್ರಪತಿಯ ಅಂಕಿತ, ಗೆಜೆಟ್ ಪ್ರಕಟಣೆ, ಜಾರಿ, ಸಮಾರಂಭ ಎಂದು ಆರು ಬೇರೆ ಬೇರೆ ದಿನಗಳಿರಬಹುದು. ನಮ್ಮ ರಾಜ್ಯದ ಹೆಸರನ್ನೇ ನೋಡಿ: ವಿಧಾನಮಂಡಲದ ನಿರ್ಣಯ 1972ರ ಜುಲೈನಲ್ಲಿ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ಆಮೇಲೆ ಸಂಸತ್ತಿನ ಕಾಯ್ದೆ. ಜಾರಿ 1973ರ ನವೆಂಬರ್ 1. ‘1972ರಲ್ಲಿ ಕರ್ನಾಟಕವಾಯಿತು’ ಎಂದು ಬರೆದವರು ನಿರ್ಣಯದ ತಾರೀಖನ್ನು ಹಿಡಿದಿರುತ್ತಾರೆ. ಕಾಯ್ದೆಯ ಪ್ರತಿಯನ್ನೇ ತೆರೆದು ಜಾರಿಯ ದಿನ ಹೇಳುವ ಕಲಮನ್ನು ನೋಡಿದರೆ ಹತ್ತು ನಿಮಿಷದ ಕೆಲಸ.

ಎರಡನೆಯ ಬಲೆ ಪತ್ರಿಕೆಗಳು. ನವೆಂಬರ್ 1ರ ಬೆಳಗಿನ ಪತ್ರಿಕೆಯಲ್ಲಿರುವುದು ಅಕ್ಟೋಬರ್ 31ರ ಸುದ್ದಿ. ಇಂದಿರಾ ಗಾಂಧಿ ಹತ್ಯೆಯಾದದ್ದು 1984ರ ಅಕ್ಟೋಬರ್ 31ರ ಬೆಳಿಗ್ಗೆ, ಮನೆಗಳಲ್ಲಿ ಕಾಪಿಟ್ಟ ಪತ್ರಿಕೆಯ ಮೇಲಿರುವುದು ಮಾತ್ರ ನವೆಂಬರ್ 1. ಹಳೆ ಪತ್ರಿಕೆಯಿಂದ ಪಟ್ಟಿ ಮಾಡುವಾಗ ಸುದ್ದಿಯ ಮೊದಲ ಸಾಲಿನಲ್ಲಿ ಊರಿನ ಹೆಸರಿನ ಜೊತೆ ಅಚ್ಚಾಗುವ ತಾರೀಖನ್ನು ನೋಡಬೇಕು, ಪುಟದ ತಲೆಯ ಮೇಲಿನದನ್ನಲ್ಲ.

ಮೂರು ಜಾಲತಾಣಗಳು ಒಂದೇ ಹೇಳುತ್ತಿವೆ ಎಂದು ನಂಬಬೇಡಿ. ಮೂರೂ ಒಂದರಿಂದಲೇ ನಕಲು ಮಾಡಿರಬಹುದು. ವಾಕ್ಯಗಳ ಜೋಡಣೆಯೂ ಕಾಗುಣಿತದ ತಪ್ಪೂ ಒಂದೇ ಇದ್ದರೆ ಅವನ್ನು ಒಂದೇ ಆಧಾರವೆಂದು ಎಣಿಸಿ.

ಪ್ರಶ್ನೆ: ಹಳೇ ತಾರೀಖಿಗೆ ವಾರ ಕಂಡುಹಿಡಿಯೋದು ಹೆಂಗ್ರೀ? ಅಜ್ಜ ಬೆರಳ ಮ್ಯಾಲ ಹೇಳತಿದ್ರು. (ಹುಬ್ಬಳ್ಳಿ)

ನವೆಂಬರ್ 1ಕ್ಕೆ ಮಾತ್ರ ಬೇಕಾದರೆ ಬಹಳ ಸುಲಭ. ಇಸವಿಯ ಕೊನೆಯ ಎರಡು ಅಂಕಿ ತೆಗೆದುಕೊಳ್ಳಿ. ಅದನ್ನು 4ರಿಂದ ಭಾಗಿಸಿ, ಶೇಷ ಬಿಟ್ಟು ಭಾಗಲಬ್ಧ ಮಾತ್ರ ಕೂಡಿಸಿ. ಬಂದ ಮೊತ್ತವನ್ನು 7ರಿಂದ ಭಾಗಿಸಿ ಶೇಷ ನೋಡಿ. 1900ರಿಂದ 1999ರ ತನಕ ಶೇಷ 0 ಬಂದರೆ ಗುರುವಾರ, 1 ಶುಕ್ರವಾರ, 2 ಶನಿವಾರ, ಹೀಗೆ ಮುಂದಕ್ಕೆ.

1956: 56ಕ್ಕೆ 14 ಕೂಡಿಸಿದರೆ 70, ಶೇಷ 0, ಗುರುವಾರ. 1973: 73ಕ್ಕೆ 18 ಕೂಡಿಸಿದರೆ 91, ಶೇಷ 0, ಮತ್ತೆ ಗುರುವಾರ. ನಾಡು ಕೂಡಿದ್ದೂ ಹೆಸರು ಬಂದದ್ದೂ ಗುರುವಾರವೇ. 2000ದಿಂದ 2099ಕ್ಕೆ ಶೇಷ 0 ಎಂದರೆ ಬುಧವಾರ. ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಕನ್ನಡಕ್ಕೆ ಹೊಂದುವಂತೆ ಬದಲಾದ 2014ರ ನವೆಂಬರ್ 1ಕ್ಕೆ: 14ಕ್ಕೆ 3 ಕೂಡಿಸಿದರೆ 17, ಶೇಷ 3, ಶನಿವಾರ. ಬೇರೆ ತಾರೀಖಿಗೆ ನವೆಂಬರ್ 1ರಿಂದ ದಿನ ಎಣಿಸಿಕೊಳ್ಳಿ. ಹಿಂದಕ್ಕೆ ಎಣಿಸುವಾಗ ಫೆಬ್ರವರಿ ದಾಟಿದರೆ ಅಧಿಕ ವರ್ಷದ 29ನ್ನು ಮರೆಯಬೇಡಿ, ಅಲ್ಲೇ ಹೆಚ್ಚಿನವರ ಲೆಕ್ಕ ಒಂದು ದಿನ ತಪ್ಪುವುದು.

ಪ್ರಶ್ನೆ: 40 ಮಕ್ಕಳ ತರಗತಿಯಲ್ಲಿ ಇಬ್ಬರಿಗೆ ಒಂದೇ ದಿನ ಹುಟ್ಟುಹಬ್ಬ. ಪವಾಡ ಎನ್ನುತ್ತಾರೆ. (ಚಾಮರಾಜನಗರ)

ಪವಾಡವಲ್ಲ, ಇಲ್ಲದಿದ್ದರೆ ಆಶ್ಚರ್ಯಪಡಬೇಕಿತ್ತು. 23 ಜನ ಸೇರಿದರೆ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ಆಗಿರುವ ಸಾಧ್ಯತೆ ಶೇ. 50.7. ನಿಮ್ಮ 40ಕ್ಕೆ ಶೇ. 89, 50 ಆದರೆ ಶೇ. 97. ಕ್ಯಾಲ್ಕುಲೇಟರಿನಲ್ಲಿ ಮಕ್ಕಳಿಂದಲೇ ಮಾಡಿಸಿ: 364ನ್ನು 365ರಿಂದ ಭಾಗಿಸಿ, ಬಂದದ್ದನ್ನು 363ರಿಂದ ಗುಣಿಸಿ 365ರಿಂದ ಭಾಗಿಸಿ, ಮುಂದೆ 362, ಹೀಗೆ 343ರ ತನಕ. ಉಳಿಯುವ ಸುಮಾರು 0.493 ಎಂದರೆ 23 ಜನರಲ್ಲಿ ಯಾರದೂ ಹೊಂದದಿರುವ ಸಾಧ್ಯತೆ. ಅದನ್ನು 1ರಿಂದ ಕಳೆಯಿರಿ.

ತಪ್ಪು ತಿಳಿವಳಿಕೆ ಹುಟ್ಟುವುದು ಪ್ರಶ್ನೆ ಬದಲಾದಾಗ. ‘ಯಾರಾದರೂ ಇಬ್ಬರು’ ಎಂಬುದು ಒಂದು, ‘ನವೆಂಬರ್ 1ರಂದೇ ಹುಟ್ಟಿದವರು’ ಎಂಬುದು ಇನ್ನೊಂದು. 40 ಜನರಲ್ಲಿ ಒಬ್ಬರಾದರೂ ನವೆಂಬರ್ 1ರಂದು ಹುಟ್ಟಿರುವ ಸಾಧ್ಯತೆ ಶೇ. 10 ಮಾತ್ರ. ಅದು ಅರ್ಧಕ್ಕೆ ಏರಬೇಕಾದರೆ 253 ಜನ ಬೇಕು.

ಈ ಪ್ರಯೋಗವನ್ನು ಹಿರಿಯರ ದಾಖಲೆಯಲ್ಲಿ ಮಾಡಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಲ್ಲಿ ಬರೆದ ಜೂನ್ 1 ಎಷ್ಟೊಂದು ಜನರಿಗಿದೆಯೆಂದರೆ ಲೆಕ್ಕವೇ ಕೆಡುತ್ತದೆ.

ಪ್ರಶ್ನೆ: ನಾನು ನವೆಂಬರ್ 1ರಂದು ಹುಟ್ಟಿದ ಸರ್ಕಾರಿ ನೌಕರ. ನಿವೃತ್ತಿ ನವೆಂಬರ್ 30ಕ್ಕೋ? (ಹಾಸನ)

ಇಲ್ಲ, ಅಕ್ಟೋಬರ್ 31ಕ್ಕೆ. ರಾಜ್ಯ ಸರ್ಕಾರಿ ನೌಕರರು 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ತಿಂಗಳ 1ರಂದು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಯ ದಿನ. ನವೆಂಬರ್ 2ರಂದು ಹುಟ್ಟಿದ ಸಹೋದ್ಯೋಗಿಗೆ ಒಂದು ತಿಂಗಳ ಸಂಬಳ ಹೆಚ್ಚು ಸಿಗುತ್ತದೆ, ಬೇಸರವಾದರೂ ನಿಯಮ ಅದೇ. ಸೇವಾ ಪುಸ್ತಕದಲ್ಲಿ ಹುಟ್ಟಿದ ದಿನ ತಿದ್ದಿಸಲು ಅದು ಅಲ್ಲಿ ದಾಖಲಾದ 3 ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ಈಗ ಪಿಂಚಣಿ ಕಾಗದಗಳನ್ನು ಒಂದು ತಿಂಗಳು ಮುಂಚೆಯೇ ಶುರುಮಾಡಿ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಕ್ವಿಜ್‌ನಲ್ಲಿ ‘ಕರ್ನಾಟಕ ಹುಟ್ಟಿದ್ದು ಯಾವಾಗ?’ ಎಂದು ಕೇಳಿ ಜಗಳವೇ ಆಯಿತು. ನವೆಂಬರಿನ ಪಟ್ಟಿಗೆ ಕನಕ ಜಯಂತಿಯನ್ನು ಯಾವ ತಾರೀಖಿಗೆ ಹಾಕಬೇಕು ಎಂಬುದೂ ತಿಳಿಯುತ್ತಿಲ್ಲ. (ದುಬೈ)

ಆ ಪ್ರಶ್ನೆಗೆ 1956, 1973 ಎರಡನ್ನೂ ಒಪ್ಪಬೇಕಾಗುತ್ತದೆ. ‘ಮೈಸೂರು ರಾಜ್ಯದ ಹೆಸರು ಕರ್ನಾಟಕ ಎಂದು ಬದಲಾದದ್ದು ಯಾವ ವರ್ಷ?’ ಎಂದು ಕೇಳಿ, ಅಥವಾ ‘ಎಸ್. ನಿಜಲಿಂಗಪ್ಪ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದದ್ದು ಯಾವ ದಿನ?’ ಎಂದು ಕೇಳಿ. ಒಂದೇ ಉತ್ತರ ಬರುವಂತಿರಬೇಕು. ‘ನವೆಂಬರ್ 1ರಂದು ಹುಟ್ಟಿದ ರಾಜ್ಯ ಯಾವುದು?’ ಎಂಬುದಂತೂ ಕೇಳಲೇಬಾರದ ಪ್ರಶ್ನೆ, ಸಭೆಯಲ್ಲಿ ಒಬ್ಬ ಮಲಯಾಳಿ ಇದ್ದರೂ ಸಾಕು.

ಕನಕ ಜಯಂತಿಗೆ ತಾರೀಖಿಲ್ಲ, ತಿಥಿ ಇದೆ: ಕಾರ್ತಿಕ ಬಹುಳ ತದಿಗೆ. 2023ರಲ್ಲಿ ನವೆಂಬರ್ 30ಕ್ಕೆ, 2024ರಲ್ಲಿ 18ಕ್ಕೆ, 2025ರಲ್ಲಿ 8ಕ್ಕೆ ಬಂತು. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದ ವರ್ಷ ಮುಂದಕ್ಕೆ ಜಿಗಿಯುತ್ತದೆ. ದೀಪಾವಳಿಯೂ ಹೀಗೆಯೇ: 2024ರಲ್ಲಿ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ ಶುರುವಾಗಿ ನವೆಂಬರ್ 1ರ ಸಂಜೆ ಮುಗಿಯಿತು, ಲಕ್ಷ್ಮೀಪೂಜೆಯನ್ನು ಕೆಲವರು ಗುರುವಾರ, ಕೆಲವರು ಶುಕ್ರವಾರ ಮಾಡಿದರು. ಇಂಥವನ್ನು ಕಾಯಂ ಪಟ್ಟಿಗೆ ಸೇರಿಸದೆ ಪ್ರತ್ಯೇಕ ಹಾಳೆಯಲ್ಲಿ ಬರೆದು, ಪ್ರತಿ ಯುಗಾದಿಗೆ ಹೊಸ ಪಂಚಾಂಗ ನೋಡಿ ಬದಲಿಸಿ. ತಿಥಿ ನಿಮ್ಮೂರಿನ ಸೂರ್ಯೋದಯಕ್ಕೆ ಇರುವುದನ್ನು ನೋಡಬೇಕಾದ್ದರಿಂದ ದುಬೈಯ ದಿನ ಒಮ್ಮೊಮ್ಮೆ ಧಾರವಾಡದ ದಿನಕ್ಕಿಂತ ಬೇರೆಯೇ ಬರಬಹುದು. ಸಂಘದ ಕಾರ್ಯಕ್ರಮಕ್ಕೆ ಕರ್ನಾಟಕ ಸರ್ಕಾರದ ರಜೆ ಪಟ್ಟಿಯ ದಿನವನ್ನೇ ಹಿಡಿಯುತ್ತೀರೋ, ಅಲ್ಲಿನ ಪಂಚಾಂಗವನ್ನೋ ಎಂದು ಮೊದಲೇ ಗೊತ್ತುಮಾಡಿ, ಪಟ್ಟಿಯ ಅಡಿಯಲ್ಲಿ ಒಂದು ಸಾಲು ಬರೆದುಬಿಡಿ.